ನೆಲ ಒರೆಸಿದ ಪುಣ್ಯಾತ್ಮ

ಟೈಲರನಿಗೆ ಆ ಭಾನುವಾರ ಗಂಡಾಂತರ ತಂದದ್ದು ಒಂದು ಪ್ಯಾಂಟು. ಅದರ ಬಟ್ಟೆಗೆ ಇನ್ನೂ ಕತ್ತರಿ ಕೂಡ ತಾಗಿರಲಿಲ್ಲ. ಆದರೂ ಲಾರಿ ಡ್ರೈವರ್ ಕೇಳಿದಾಗಲೆಲ್ಲ, "ಗುಂಡಿ ಹಾಕೋದೊಂದೇ ಬಾಕಿ ಅಣ್ಣಾ" ಎಂದು ಸಾಗಹಾಕುತ್ತಿದ್ದ.

ಹೆಂಡತಿ ಮೊದಲೇ ಚರ್ಚಿಗೆ ಹೋಗಿದ್ದಳು. ಟೈಲರ್ ಇಸ್ತ್ರಿ ಶರಟು ತೊಟ್ಟು ಮೆಟ್ಟಿಲಿಳಿಯುತ್ತಿದ್ದಾಗ ಕೆಳಗಿನಿಂದ ಡ್ರೈವರನ ಕೆಮ್ಮು ಕೇಳಿಸಿತು. ಲಾರಿ ಸ್ಟಾರ್ಟ್ ಆಗುವಂಥ ಆ ಕೆಮ್ಮನ್ನು ಬೇರೆ ಯಾರೂ ಕೆಮ್ಮಲಾರರು. ಟೈಲರ್ ಹಿಂದೆಮುಂದೆ ನೋಡದೆ, ತೆರೆದಿದ್ದ ಬಾಗಿಲೊಂದರೊಳಗೆ ನುಗ್ಗಿದ.

ಅದು ಟೀಚರಮ್ಮನ ಮನೆ. ಒಂಟಿ ಮುದುಕಿ, ಹಾಸಿಗೆ ಹಿಡಿದವರು, ಕಣ್ಣೂ ಮಂಜು. ಕೆಲವು ವಾರಗಳಿಂದ ಯಾರೋ ಬೆಳಗಾಗುವ ಮುಂಚೆ ಬಂದು ಅವರ ಮನೆ ಗುಡಿಸಿ, ಒರೆಸಿ, ಗಂಜಿ ಕುಡಿಸಿ ಹೋಗುತ್ತಿದ್ದರು. ಯಾರೆಂದು ಕೇಳಿದರೆ ಟೀಚರಮ್ಮ, "ಹೇಳಬಾರದು ಅಂತ ಮಾತು ತಗೊಂಡಿದ್ದಾನೆ" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಟೀಚರಮ್ಮ ಮಲಗಿ ನಿದ್ದೆಹೋಗಿದ್ದರು. ಒಳಗೆ ಬಕೆಟ್ಟಿತ್ತು, ಒರೆಸುವ ಬಟ್ಟೆಯಿತ್ತು. ಹೆಜ್ಜೆಯ ಸದ್ದು ಹತ್ತಿರವಾಯಿತು. ಟೈಲರ್ ಬಟ್ಟೆ ಎತ್ತಿಕೊಂಡು, ಬಾಗಿಲಿಗೆ ಬೆನ್ನುಮಾಡಿ ನೆಲ ಉಜ್ಜತೊಡಗಿದ.

"ಅಯ್ಯೋ ದೇವರೇ, ನೀವೇನಾ ಅದು!"

ಎದುರುಮನೆಯ ರೇಡಿಯೋ ಅಕ್ಕ. ಆಕೆಗೆ ಸಿಕ್ಕ ಸುದ್ದಿ ಊರಿಗೆಲ್ಲ ಸಿಕ್ಕಿತೆಂದೇ ಲೆಕ್ಕ. 'ಅಲ್ಲ' ಎಂಬ ಎರಡೇ ಅಕ್ಷರ ಟೈಲರನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಕೆಯ ಹಿಂದೆ ಡ್ರೈವರನ ತಲೆ ಕಾಣಿಸಿತು. ಎರಡಕ್ಷರ ಹೊಟ್ಟೆಗೆ ಇಳಿದವು. ಟೈಲರ್ ತಲೆ ತಗ್ಗಿಸಿ, "ಏನೋ ಕೈಲಾದಷ್ಟು..." ಎಂದ.

ಡ್ರೈವರ್ ಬಕೆಟ್ ನೋಡಿದ, ಬಟ್ಟೆ ನೋಡಿದ, ಟೈಲರನ ಮುಖ ನೋಡಿದ. "ಪ್ಯಾಂಟಿಗೆ ಅವಸರ ಇಲ್ಲ ಬಿಡು" ಎಂದು ಮೆಲ್ಲಗೆ ಹೇಳಿ ಇಳಿದುಹೋದ.

ಒಳ್ಳೆಯತನಕ್ಕೆ ಇಷ್ಟು ಬೆಲೆಯಿದೆಯೆಂದು ಟೈಲರನಿಗೆ ಗೊತ್ತೇ ಇರಲಿಲ್ಲ!

ಅವನು ಚರ್ಚು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸದಾ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಅವನನ್ನು ಕೈಹಿಡಿದು ಮುಂದಿನ ಬೆಂಚಿಗೆ ಕೂರಿಸಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದಿನಾ ಬೆಳಿಗ್ಗೆ ವಾಕಿಂಗ್ ಅಂತ ಹೋಗ್ತಿದ್ದದ್ದು ಇದಕ್ಕಾ? ನಾನು ಪಾಪಿ, ಟೀ ಅಂಗಡೀಲಿ ಹರಟೆ ಹೊಡೀತಾರೆ ಅಂದ್ಕೊಂಡಿದ್ದೆ."

ಆಕೆ ಅಂದುಕೊಂಡದ್ದೇ ಸರಿಯಾಗಿತ್ತು. ಆದರೆ ಮದುವೆಯಾದ ಮೇಲೆ ಆಕೆ ತನ್ನನ್ನು ಹೀಗೆ ನೋಡಿದ್ದು ಇದೇ ಮೊದಲು. ಟೈಲರ್ ಶರಟಿನ ಕಾಲರ್ ಸರಿಮಾಡಿಕೊಂಡ.

ಪಾಸ್ಟರ್ ಅಂದು ಹೇಳಿದ್ದು ಬೈಬಲಿನ ಯೋಸೇಫನ ವಿಷಯ. "ಒಡೆಯನ ಹೆಂಡತಿ ಪಾಪಕ್ಕೆ ಎಳೆದಳು; ಆ ಶೋಧನೆ ಬಂದಾಗ ಅವನು ಮೇಲಂಗಿಯನ್ನೇ ಬಿಟ್ಟು ಓಡಿದ. ಪ್ರಿಯರೇ, ದೇವರು ಕೊಡುವ ಅವಕಾಶವೂ ಸೈತಾನನು ತರುವ ಶೋಧನೆಯೂ ಒಂದೇ ಬಾಗಿಲು ತಟ್ಟುತ್ತವೆ. ಯಾವುದು ಯಾರದೆಂದು ಗುರುತಿಸಿದ ಒಬ್ಬ ಸಹೋದರ ನಮ್ಮಲ್ಲಿದ್ದಾನೆ. ದೇವರು ತನ್ನಿಂದ ಮಾಡಿಸಿದ್ದನ್ನು ಮುಂದೆ ಬಂದು ಸಾಕ್ಷಿ ಹೇಳಲಿ."

ಟೈಲರ್ ಎದ್ದ. ಇಸ್ತ್ರಿ ಶರಟು ಬೆನ್ನಿಗೆ ಅಂಟಿಕೊಂಡಿತ್ತು. ಓಡಿಹೋಗಲು ಬಾಗಿಲೇನೋ ತೆರೆದೇ ಇತ್ತು, ಆದರೆ ನಡುವೆ ಹೆಂಡತಿಯ ಮುಖವಿತ್ತು. "ಎಲ್ಲಾ ದೇವರ ಕೃಪೆ" ಎಂದಷ್ಟೇ ಹೇಳಿ ಕೂರಬೇಕೆಂದುಕೊಂಡ. ಆದರೆ ಚಪ್ಪಾಳೆಯ ಸದ್ದಿಗೆ ನಾಲಿಗೆ ಹಿಡಿತಕ್ಕೆ ಸಿಗಲಿಲ್ಲ. "ಗಂಜಿ ಮಾತ್ರ ಉಗುರುಬೆಚ್ಚಗಿರಬೇಕು, ಬಾಯಿ ಸುಡಬಾರದು" ಎಂದು ಬುದ್ಧಿಮಾತನ್ನೂ ಸೇರಿಸಿಬಿಟ್ಟ! ಮುದುಕಿಯರು ಬಿಕ್ಕಿಬಿಕ್ಕಿ ಅತ್ತರು.

ಆರಾಧನೆ ಮುಗಿದ ಮೇಲೆ ಜನ ಮುತ್ತಿಕೊಂಡರು. ಬೇಕರಿಯವನು, "ನಮ್ಮಪ್ಪನಿಗೂ ಒಂದಿಷ್ಟು ಸ್ನಾನ ಮಾಡಿಸ್ತೀರಾ?" ಎಂದ. ಗಾಯಕರ ಗುಂಪಿನ ಹೆಂಗಸು ತನ್ನ ಅತ್ತೆಯನ್ನು ಪೂರ್ತಿ ಒಪ್ಪಿಸಲು ತಯಾರಾದಳು. ಇನ್ನೊಬ್ಬರು ಅವನ ಕೈಯನ್ನು ಕಣ್ಣಿಗೊತ್ತಿಕೊಂಡರು. ಟೈಲರ್ ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡ. ಆ ಕೈ ಒರೆಸಿದ್ದು ಅರ್ಧ ಅಡಿ ನೆಲ, ಅದೂ ಹೆದರಿಕೊಂಡು.

ಪಾಸ್ಟರನ್ನು ಪಕ್ಕಕ್ಕೆ ಎಳೆದು, "ಅಯ್ಯನವರೇ, ಅದು ನಾನಲ್ಲ" ಎಂದ.

ಪಾಸ್ಟರ್ ಅವನ ಹೆಗಲು ತಟ್ಟಿದರು. "ಗೊತ್ತಪ್ಪಾ. ನಿನ್ನೊಳಗಿದ್ದು ಮಾಡಿಸಿದವನು ದೇವರು! ಎಂಥ ದೀನತೆ!"

ಹೆಂಡತಿಗೆ ಹೇಳಿದ. "ಇನ್ನೂ ಮುಚ್ಚಿಡ್ತೀರಲ್ಲ!" ಎಂದು ಆಕೆ ಮತ್ತೊಮ್ಮೆ ಅತ್ತಳು.

ಅವನನ್ನು ಹೊಗಳದಿದ್ದವನು ಒಬ್ಬನೇ. ಡ್ರೈವರ್ ಗೇಟಿನ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಟೈಲರ್ ಓಡಿಹೋಗಿ ಅವನ ತೋಳು ಹಿಡಿದ.

"ಅಣ್ಣಾ, ನೀನಾದ್ರೂ ನಂಬು. ಟೀಚರಮ್ಮನ ಮನೆ ಕೆಲಸ ಮಾಡಿದ್ದು ನಾನಲ್ಲ. ನಿನ್ನ ಪ್ಯಾಂಟು ಹೊಲಿದಿಲ್ಲ. ನಿನಗೆ ಹೆದರಿ ಅಲ್ಲಿಗೆ ನುಗ್ಗಿದೆ."

"ಗೊತ್ತು."

"ಹೇಗೆ ಗೊತ್ತು?"

"ಆ ಒರೆಸೋ ಬಟ್ಟೆ ನೆನೆಹಾಕಿ, ಟೀಚರಮ್ಮನಿಗೆ ಮಾತ್ರೆ ತರೋಕೆ ಕೆಳಗೆ ಹೋಗಿದ್ದು ನಾನು. ನಿನ್ನೆ ಲೋಡು ಇಳಿಸೋದು ತಡ ಆಯ್ತು, ಅದಕ್ಕೇ ಇವತ್ತು ಹೊತ್ತಾಗಿತ್ತು."

ಟೈಲರನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಇವನೆದುರಿಗೇ ಗಂಜಿಯ ಪಾಠ ಹೇಳಿದೆನಲ್ಲ! "ಬಾ ಅಣ್ಣಾ, ಒಳಗೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ."

"ಬೇಡ ಮಾರಾಯ" ಎಂದು ಡ್ರೈವರ್ ಗಾಬರಿಯಾದ. "ನನ್ನ ಹೆಸರು ಎತ್ತಬೇಡ. ಈಗ ಲಾರಿ ಹೊರಡುತ್ತೆ, ದೂರದ ಬಾಡಿಗೆ, ಬರೋದು ಮಳೆಗಾಲ ಕಳೆದ ಮೇಲೆ. ಅಮ್ಮನ್ನ ಯಾರ ಕೈಗೆ ಬಿಡಲಿ ಅಂತ ನಿನ್ನೆ ಎಲ್ಲಾ ಪ್ರಾರ್ಥನೆ ಮಾಡಿದ್ದೆ. ಇವತ್ತು ಬಾಗಿಲಿಗೆ ಬಂದ್ರೆ ನಿನ್ನ ಕೈಲಿ ಬಟ್ಟೆ ಇತ್ತು. ಹೇಗೆ ಬಂದೆ ಅನ್ನೋದು ನನಗ್ಯಾಕೆ?" ಅವನು ಜೇಬಿನಿಂದ ಮಾತ್ರೆಯ ಪೊಟ್ಟಣ ತೆಗೆದು ಟೈಲರನ ಅಂಗೈಯಲ್ಲಿಟ್ಟ. "ಇವತ್ತಿನ ಗಂಜಿ ಆಗಿಲ್ಲ. ಬೇಗ ಹೋಗು."

ಟೈಲರ್ ಹೋದ. ಗಂಜಿ ಮೊದಲು ತಳಹಿಡಿಯಿತು, ಆಮೇಲೆ ಉಕ್ಕಿ ಒಲೆ ಆರಿತು. ಉಳಿದದ್ದನ್ನು ಚಮಚದಲ್ಲಿ ಹಿಡಿದರೆ ಟೀಚರಮ್ಮ ಬಾಯಿ ಸುಟ್ಟುಕೊಂಡು, ಅವನ ಮಣಿಕಟ್ಟನ್ನು ತಡವಿ ನೋಡಿದರು.

"ನೀನು ಹೊಸಬ" ಎಂದರು. "ಇರಲಿ ಮಗಾ. ಊಟಕ್ಕೆ ಮುಂಚೆ ನಾವು ಪ್ರಾರ್ಥನೆ ಮಾಡ್ತೀವಿ. ಕಣ್ಣು ಮುಚ್ಚು."

ಹೊರಗೆ ರೇಡಿಯೋ ಅಕ್ಕ ಯಾರಿಗೋ, "ಶ್... ಒಳಗೆ ದೇವರ ಮನುಷ್ಯ ಇದ್ದಾರೆ" ಎನ್ನುತ್ತಿದ್ದಳು.

ಟೀಚರಮ್ಮ ಕೈಜೋಡಿಸಿ, ತಗ್ಗಿದ ದನಿಯಲ್ಲಿ ಪ್ರಾರ್ಥಿಸಿದರು: "ತಂದೆಯೇ, ಲಾರಿಯಲ್ಲಿ ಹೋದವನನ್ನು ಕಾಪಾಡು. ಈಗ ಬಂದವನಿಗೆ ನಾಳೆಯೂ ಬರುವ ಬುದ್ಧಿ ಕೊಡು."

ಟೈಲರ್ "ಆಮೆನ್" ಎಂದ. ಅದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.