ಅಂಗಿಯೊಳಗಿನ ಡಬ್ಬಿ

ಅಂಗೈಯಗಲದ ಆ ಪ್ಲಾಸ್ಟಿಕ್ ಡಬ್ಬಿ ಒಂದು ಗಂಟೆಯೊಳಗೆ, ಮೈಬಿಸಿ ಆರದಂತೆ, ಆಸ್ಪತ್ರೆ ತಲುಪಬೇಕಿತ್ತು. ಕೀರ್ತಿರಾಜನ ವೀರ್ಯಾಣುಗಳು ಬಲು ಕಡಿಮೆ. ಅವುಗಳಲ್ಲೇ ಗಟ್ಟಿಯಾದದ್ದನ್ನು ಆರಿಸಿ ಸೂಜಿಯಿಂದ ಅಂಡದೊಳಗೆ ಚುಚ್ಚುವ ಚಿಕಿತ್ಸೆ. ಹೆಂಡತಿ ಇಂಚರ ಬೆಳಗ್ಗೆಯೇ ಅಡ್ಮಿಟ್ ಆಗಿದ್ದಳು. ಹಿಂದೊಮ್ಮೆ ಆಸ್ಪತ್ರೆಯ ಕೋಣೆಯಲ್ಲಿ ಗಾಬರಿಯಾಗಿ ಬರಿಗೈಲಿ ಹೊರಬಂದಿದ್ದ ಕೀರ್ತಿರಾಜ, ಈ ಸಲ ವಿದೇಶದ ಸುಬಾಂಗ್ ಜಯಾ ಪಟ್ಟಣದ ತನ್ನ ಮನೆಯಲ್ಲೇ ಕೆಲಸ ಮುಗಿಸಿ, ಡಬ್ಬಿಯನ್ನು ಅಂಗಿಯೊಳಗಿಟ್ಟು, ಕಾವು ಕೂತ ಕೋಳಿಯಂತೆ ಬಗ್ಗಿಕೊಂಡು ಕಾರಿನ ಬಳಿ ಬಂದ.

ಅಲ್ಲಿ ಪಕ್ಕದ ಮನೆಯ ವಾರಿಜಾಕ್ಷಿ ನಿಂತಿದ್ದರು. "ಸಿಟಿ ಕಡೆನಾ? ನಾನೂ ಬರ್ತೀನಪ್ಪ," ಎಂದು ಕೂತೇಬಿಟ್ಟರು.

ಟೋಲ್ ಹತ್ತಿರ ವಾಹನಗಳು ಇರುವೆ ಸಾಲಿನಂತೆ ನಿಂತವು. ಎ.ಸಿ. ಹಾಕದೆ ಕೀರ್ತಿರಾಜ ಬೆವರಿ ತೊಪ್ಪೆಯಾಗಿದ್ದ.

"ಎದೆ ಯಾಕೆ ಹಿಡ್ಕೊಂಡಿದ್ದೀಯ?"

"ಗ್ಯಾಸ್ ಆಂಟಿ."

ವಾರಿಜಾಕ್ಷಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಅಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಕೂಗಿದರು: "ಹಾರ್ಟ್ ಅಟ್ಯಾಕ್ ಲಾ! ದಾರಿ ಬಿಡಿ!"

ಸುತ್ತಲಿನ ಚಾಲಕರಿಗೆ ಭಾಷೆ ಅರ್ಧ ತಿಳಿಯದಿದ್ದರೂ ಸಾಲು ಸರಿದು ದಾರಿಯಾಯಿತು. ಆಸ್ಪತ್ರೆ ಬಾಗಿಲಲ್ಲೂ ಅದೇ ಕೂಗು. ಇಬ್ಬರು ಸಿಬ್ಬಂದಿ ಅವನನ್ನು ಗಾಲಿಕುರ್ಚಿಗೆ ಒತ್ತಿ ಕೂರಿಸಿದರು. ಎಮರ್ಜೆನ್ಸಿಯ ತಿರುವಿನಲ್ಲಿ ಅವನು ಹಾರಿ, ಮೆಟ್ಟಿಲು ಹತ್ತಿ, ಮೂರನೇ ಮಹಡಿಯ ಬಂಜೆತನ ಚಿಕಿತ್ಸಾ ವಿಭಾಗದ ನರ್ಸ್ ಕೈಗೆ ಡಬ್ಬಿ ಕೊಟ್ಟ. ಐವತ್ತೆರಡು ನಿಮಿಷ!

ಅರ್ಧ ಗಂಟೆಯ ಮೇಲೆ ಡಾಕ್ಟರು ನಗುತ್ತ ಬಂದರು. ಇಂಚರಳಿಂದ ಏಳು ಅಂಡ ಸಿಕ್ಕಿದ್ದವು; ಏಳಕ್ಕೂ ಸಾಲುವಷ್ಟು ಚುರುಕಾದ ವೀರ್ಯಾಣುಗಳು ಡಬ್ಬಿಯಲ್ಲಿದ್ದವು. ಕೀರ್ತಿರಾಜನ ಕಣ್ಣು ಒದ್ದೆಯಾಯಿತು.

"ನಾನಿಲ್ದಿದ್ರೆ ನೀನಿನ್ನೂ ಟೋಲ್‌ನಲ್ಲೇ ಇರ್ತಿದ್ದೆ," ಹಿಂದಿನಿಂದ ವಾರಿಜಾಕ್ಷಿಯ ದನಿ. "ಇಂಚರಾನೇ ಫೋನ್ ಮಾಡಿ ಕಳ್ಸಿದ್ಲು. ನನ್ನ ಮಗ ಹೃತ್ವಿಕ್ ಹುಟ್ಟಿದ್ದೂ ಇದೇ ಸೂಜಿಯಿಂದ ಕಣಪ್ಪ."

"ಗೊತ್ತಿದ್ದೂ ಹಾರ್ಟ್ ಅಟ್ಯಾಕ್ ಅಂದ್ರಾ?"

"ಮತ್ತೆ? ಅಂಗಿಯೊಳಗಿದ್ದದ್ದನ್ನೇ ಕೂಗ್ಬೇಕಿತ್ತಾ?"

ಗುಟ್ಟು ಗುಟ್ಟಾಗಿಯೇ ಉಳಿಯಿತೆಂದು ಕೀರ್ತಿರಾಜ ಉಸಿರು ಬಿಡುವಷ್ಟರಲ್ಲಿ ಫೋನ್ ಬಂತು. ಆಫೀಸಿನ ಮ್ಯಾನೇಜರ್ ಮನೀಷ್.

"ಕೀರ್ತಿ, ಟೋಲ್‌ನಲ್ಲಿ ನಿಮ್ಮ ಪಕ್ಕದ ಲೇನ್‌ನಲ್ಲೇ ಇದ್ದೆ! ನಿಮ್ಮ ಕಾರಿನ ಹಿಂದೇನೇ ಬಂದು ಆಸ್ಪತ್ರೆ ನೋಡ್ಕೊಂಡೆ. ಎದೆ ಹೇಗಿದೆ?"

ಅಟ್ಯಾಕ್ ಅಲ್ಲವೆಂದರೆ ಮತ್ತೇನೆಂದು ಹೇಳಬೇಕು. "ಸ್ವಲ್ಪ... ಚಿಕ್ಕ ಅಟ್ಯಾಕ್ ಸರ್. ಈಗ ಆರಾಮ."

"ಹೆದರ್ಬೇಡಿ. ಇಡೀ ಟೀಮ್ ಹೂ ಹಿಡ್ಕೊಂಡು ಬಂದಿದೆ. ಲಿಫ್ಟ್‌ನಲ್ಲಿದ್ದೀವಿ. ಯಾವ ಫ್ಲೋರು?"