ಮಾನ್ವಿಯ ಇದ್ದಿಲ ಬಸ್ಸಿಗೆ ಅಯ್ಯಣ್ಣ ಮಾಸ್ತರನ ಅಹವಾಲು

ಮಾನ್ವಿ,
ಫೆಬ್ರುವರಿ, ೧೯೪೪

ಮಾನ್ವಿಯಿಂದ ರಾಯಚೂರಿಗೆ ದಿನಕ್ಕೊಮ್ಮೆ ತಪ್ಪದೆ ಹೊರಡುವ, ಆಗೀಗ ತಲುಪುವ, ಇದ್ದಿಲ ಬಸ್ಸಿನ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಬೆನ್ನ ಮೇಲಿನ ಬಾಯ್ಲರಿಗೂ, ಅದರ ಹೊಗೆಕೊಳವೆಗೂ, ಸುತಳಿಯಿಂದ ಕಟ್ಟಿ ನಿಲ್ಲಿಸಿರುವ ಎಡಗಡೆಯ ಬಾಗಿಲಿಗೂ ನನ್ನ ಅನಂತ ನಮಸ್ಕಾರಗಳು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ, ಬೆನ್ನಿಗೆ ಒಲೆ ಕಟ್ಟಿಕೊಂಡು, ಇದ್ದಿಲು ತಿಂದು ಜನಸೇವೆ ಮಾಡುತ್ತಿರುವ ತಮ್ಮ ಮೇಲೆ ದೂರು ಬರೆಯಲು ನನಗೆ ಮನಸ್ಸಿಲ್ಲ. ಆದರೂ ಬರೆಯದೆ ವಿಧಿಯಿಲ್ಲ. ಕಳೆದ ಗುರುವಾರ ತಾವು ನನ್ನ ವೇಳಾಪಟ್ಟಿಯನ್ನು ಸುಟ್ಟು ಬೂದಿ ಮಾಡಿದಿರಿ.

ನಾನು ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಆರು ವರ್ಷಗಳಿಂದ ಹಂಗಾಮಿ ಮಾಸ್ತರ. ನನ್ನ ಹುಟ್ಟೂರು ದೇವದುರ್ಗ. ಕೂಲಿ ಮಾಡಿ ಬದುಕಿದ ನಮ್ಮ ಮನೆತನದಲ್ಲಿ ಪಾಟಿ ಬಳಪ ಹಿಡಿದವನು ನಾನೇ ಮೊದಲಿಗ. ನಮ್ಮಪ್ಪನಿಗೆ ಹೊತ್ತು ಹೇಳಲು ಸೂರ್ಯನೊಬ್ಬನೇ ಸಾಕಾಗಿದ್ದುದರಿಂದಲೋ ಏನೋ, ನನಗೆ ಗಡಿಯಾರವೆಂದರೆ ಸ್ವಲ್ಪ ಹೆಚ್ಚೇ ಮೋಹ. ನಾಲ್ಕು ತಿಂಗಳ ಹಿಂದೆ ದಿನವನ್ನು ಹದಿನೆಂಟು ಭಾಗ ಮಾಡಿ, ಎಲ್ಲದರ ನಡುವೆ ದೇವರಿರಬೇಕೆಂದು ಹಣಮಂತದೇವರ ಪೂಜೆಗೆ ಅರ್ಧ ಗಂಟೆಯನ್ನು ಕೆಂಪು ಮಸಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ಕಪ್ಪು ಮಸಿಯ ಕೆಲಸಗಳು ಒಂದೊಂದಾಗಿ ಕೆಂಪಿನೊಳಗೆ ಬಂದು ಕುಳಿತವು. ಕ್ಷೌರಕ್ಕೆ ಹತ್ತು ನಿಮಿಷ ಬೇಕಾಯಿತು, ಹುಡುಗರ ಕಾಪಿ ತಿದ್ದಲು ಹನ್ನೆರಡು, ಅಂಗಿಯ ಗುಂಡಿ ಹುಡುಕಲು ನಾಲ್ಕು. ಕೊನೆಗೆ ಹಣಮಂತದೇವರಿಗೆ ಉಳಿದದ್ದು ನಾಲ್ಕೇ ನಿಮಿಷ. ಆ ನಾಲ್ಕು ಐದಾಗಬಾರದೆಂದು ಗೋಡೆ ಗಡಿಯಾರವನ್ನು ತಂದು ದೇವರ ಗೂಡಿನ ಮೇಲೆಯೇ ತೂಗುಹಾಕಿದೆ. ನನ್ನ ಹೆಂಡತಿ ತಿಮ್ಮವ್ವ ಬಾಗಿಲಲ್ಲಿ ನಿಂತು ನೋಡಿ, "ಆರತಿ ಯಾರಿಗ್ರೀ? ಕೆಳಗಿನವರಿಗೋ, ಮ್ಯಾಲಿನವರಿಗೋ?" ಎಂದಳು. ಉತ್ತರಿಸಲು ವೇಳಾಪಟ್ಟಿಯಲ್ಲಿ ಸ್ಥಳವಿರಲಿಲ್ಲ.

ಹೀಗಿರುವಾಗ ಕಳೆದ ಬುಧವಾರ ಸಂಜೆ ರಾಯಚೂರಿನ ಶಿಕ್ಷಣ ಕಚೇರಿಯಿಂದ ಹುಕುಂ ಬಂತು. ಗುರುವಾರ ನಾಲ್ಕು ಗಂಟೆಯೊಳಗೆ ಅಸಲು ಸರ್ಟಿಫಿಕೇಟು ತೋರಿಸಿದರೆ ನೌಕರಿ ಖಾಯಂ. ಇಲ್ಲವಾದರೆ ಆ ಜಾಗ ಇನ್ನೊಬ್ಬರಿಗೆ. ಶುಕ್ರವಾರ ಕಚೇರಿಗೆ ವಾರದ ಸೂಟಿ. ಬೇರೆ ದಾರಿ ಇಲ್ಲದೆ ನಾನು ತಮ್ಮನ್ನೇ ನಂಬಿದೆ. ಹನ್ನೆರಡಕ್ಕೆ ಹೊರಟು ಮೂರಕ್ಕೆ ತಲುಪುವೆನೆಂದು ಕಾಗದದ ಮೇಲೆ ಬರೆದುಕೊಂಡು, ಆ ದಿನ ಬೆಳಗಿನ ಪೂಜೆಯನ್ನು ಎರಡು ನಿಮಿಷಕ್ಕೆ ಇಳಿಸಿ, ತಮ್ಮ ಮುಂದಿನ ಸೀಟಿನಲ್ಲಿ ಕುಳಿತೆ.

ತಾವು ಒಂದು ಗಂಟೆ ತಡವಾಗಿ ಹೊರಟಿರಿ. ಕಲ್ಲೂರು ದಾಟಿದ ಮೇಲೆ ಎರಡು ಸಲ ಕೆಮ್ಮಿ ನಿಂತಿರಿ. ತಮ್ಮ ಡ್ರೈವರ್ ದಸ್ತಗೀರ್ ಸಾಬರು ಎಲ್ಲರನ್ನೂ ಇಳಿಸಿದರು. ನಲವತ್ತು ದಾಟಿದ ಕ್ಲೀನರ್ ವಲಿ ಪಾಷಾ ಬೂದಿ ತೆಗೆದು, ಹೊಸ ಇದ್ದಿಲು ಸುರಿದು, ಗಾಳಿ ಪಂಖದ ಹಿಡಿಕೆ ತಿರುಗಿಸತೊಡಗಿದ. ದಸ್ತಗೀರ್ ಸಾಬರು ಮಾತ್ರ ತಂಬಿಗೆ ನೀರಿನಲ್ಲಿ ಕೈಕಾಲು ಮುಖ ತೊಳೆದು, ಬೇವಿನ ಮರದ ಕೆಳಗೆ ವಸ್ತ್ರ ಹಾಸಿದರು. ನನಗೆ ತಡೆಯಲಾಗಲಿಲ್ಲ.

"ಸಾಬ್ರೆ, ನಮಾಜು ಆಮ್ಯಾಲ ಮಾಡ್ರಿ. ನನ್ನ ನೌಕರಿ ಹೋಗಾಕತ್ತದ!" ಎಂದು ಕೂಗಿದೆ.

ಅವರಿಗೆ ಸಿಟ್ಟೇನೂ ಬರಲಿಲ್ಲ. "ಮಾಸ್ತರ್ರೆ, ಕೆಂಡ ಹತ್ತಾಕ ಹನ್ನೆರಡು ನಿಮಿಷ ಬೇಕು. ನಾ ಬಾಯ್ಲರ್ ಮುಂದ ನಿಂತು ಬೈದ್ರೂ ಅಷ್ಟ, ನಮಾಜ್ ಮಾಡಿದ್ರೂ ಅಷ್ಟ. ಇದು ದಿನಾ ಇಲ್ಲೇ ನಿಲ್ತದ. ಅದಕ್ಕ ನಾ ಮಧ್ಯಾಹ್ನದ ನಮಾಜು ಇಲ್ಲಿಗೇ ಇಟ್ಟೀನಿ," ಎಂದು ಪಡುವಣಕ್ಕೆ ತಿರುಗಿ ನಿಂತರು.

ಮಾನ್ಯರೇ, ತಾವು ಕೆಡುವುದಕ್ಕೂ ಇಷ್ಟು ನಿಯಮವಿದೆಯೆಂದು ನನಗೆ ತಿಳಿದಿರಲಿಲ್ಲ. ಆ ಹನ್ನೆರಡು ನಿಮಿಷಗಳಲ್ಲಿ ನಾನು ಜೇಬಿನ ಗಡಿಯಾರವನ್ನು ಹತ್ತೊಂಬತ್ತು ಸಲ ಹೊರಗೆ ತೆಗೆದೆ. ಪಕ್ಕದ ಕಲ್ಲಿನ ಮೇಲೆ ಮೂಕಮ್ಮ ಎಂಬ ಮುದುಕಿ ಮಡಿಲಲ್ಲಿ ಬಟ್ಟೆಗಂಟು ಇಟ್ಟುಕೊಂಡು, ಕಣ್ಣು ಮುಚ್ಚಿ, ತನ್ನ ದೇವರು ಸೂಗೂರೇಶನ ಹೆಸರು ಹೇಳುತ್ತಿದ್ದಳು. "ನಿನಗ ಅವಸರ ಇಲ್ಲೇನವ್ವಾ?" ಎಂದು ತುಸು ವ್ಯಂಗ್ಯವಾಗಿಯೇ ಕೇಳಿದೆ.

"ಮಗಳಿಗಿ ನಿನ್ನಿಯಿಂದ ಬ್ಯಾನಿ ಹತ್ಯಾವ ಯಪ್ಪಾ. ಚೊಚ್ಚಲ ಹೆರಿಗಿ. ರಾಯಚೂರು ದವಾಖಾನಿಗಿ ಹಾಕ್ಯಾರಂತ. ಅವಸರ ಇಲ್ದೇ ಏನು?"

"ಮತ್ತ ಹಿಂಗ ಕುಂತೀಯಲ್ಲ?"

"ಹೆರಿಗಿ ನನ್ನ ಕೈಯಾಗಿಲ್ಲ, ಬಸ್ಸೂ ನನ್ನ ಕೈಯಾಗಿಲ್ಲ. ಅವನ ಹೆಸರು ಬಾಯಾಗದ. ಅದನ್ನ ಹಿಡಕೊಂಡು ಕುಂತೀನಿ."

ಆಗ ನೋಡಿದೆ, ಮಡಿಲಿನ ಗಂಟನ್ನು ಆಕೆ ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು.

ಕೆಂಡ ಹತ್ತಿತು, ತಾವು ಹೊರಟಿರಿ, ಮುಂದಿನ ಏರಿನಲ್ಲಿ ಮತ್ತೆ ಸೋತಿರಿ. ಈ ಸಲ ಗಂಡಸರು ಹೆಂಗಸರೆನ್ನದೆ ಎಲ್ಲರೂ ತಮ್ಮ ಬೆನ್ನಿಗೆ ಕೈ ಹಚ್ಚಿದೆವು. ವಲಿ ಪಾಷಾ "ಯಾ ಅಲ್ಲಾ" ಎಂದ, ಮೂಕಮ್ಮ "ಸೂಗೂರೇಶಾ" ಎಂದಳು. ನಾನು ಬಲಗೈಯಿಂದ ದಬ್ಬುತ್ತ ಎಡಗೈಯಲ್ಲಿ ಗಡಿಯಾರ ನೋಡುತ್ತಿದ್ದೆ. ಮುದುಕಿ ಏದುಸಿರು ಬಿಡುತ್ತಲೇ ಗದರಿದಳು: "ಎರಡೂ ಕೈ ಹಚ್ಚೋ ತಮ್ಮಾ!"

ಹಚ್ಚಿದೆ. ಹಚ್ಚಿದ ಮೇಲೆ ಬಾಯಿ ಖಾಲಿ ಇತ್ತು. ಉಸಿರಿನ ಜೊತೆ ಹಣಮಂತದೇವರ ಹೆಸರು ತಾನಾಗಿ ಬಂತು. ಎಷ್ಟು ಸಲ ಬಂತೋ, ಎಷ್ಟು ಹೊತ್ತು ಬಂತೋ ನನಗೆ ಗೊತ್ತಿಲ್ಲ. ನಾಲ್ಕು ತಿಂಗಳಲ್ಲಿ ನನಗೆ ಗೊತ್ತಿಲ್ಲದೆ ಕಳೆದ ಹೊತ್ತು ಅದೊಂದೇ. ಏರು ಹತ್ತಿದ ಖುಷಿಗೆ ತಾವು ನಮ್ಮೆಲ್ಲರ ಮುಖಕ್ಕೆ ಮಸಿ ಊದಿದ್ದನ್ನು ಆಶೀರ್ವಾದವೆಂದೇ ತಿಳಿದಿದ್ದೇನೆ.

ರಾಯಚೂರು ಮುಟ್ಟಿದಾಗ ನಾಲ್ಕು ಹೊಡೆದು ಹತ್ತು ನಿಮಿಷವಾಗಿತ್ತು. ಇಳಿದು ನಿಂತ ಮೂಕಮ್ಮನಿಗೆ ದವಾಖಾನೆಯ ದಾರಿ ತಿಳಿಯದು; ನನ್ನ ಕಚೇರಿ ಇನ್ನೊಂದು ದಿಕ್ಕಿಗೆ. ಹೇಗೂ ಬಾಗಿಲು ಮುಚ್ಚಿದೆಯೆಂಬ ನಿರಾಶೆಯಲ್ಲಿ ಆಕೆಯ ಗಂಟು ಹೊತ್ತು ದವಾಖಾನೆಗೆ ನಡೆದೆ. ಮೂರು ಗಂಟೆಗೇ ಹೆಣ್ಣುಕೂಸು ಹುಟ್ಟಿತ್ತು, ತಾಯಿ ಕ್ಷೇಮವಾಗಿದ್ದಳು. ಮುದುಕಿ ಗೋಡೆಗೆ ಒರಗಿ ಕುಳಿತು, ಅಷ್ಟು ಹೊತ್ತು ತಡೆದಿದ್ದ ಅಳುವನ್ನೆಲ್ಲ ಅತ್ತಳು.

ಕೊನೆಯದಾಗಿ ಕೈಮುಗಿದು ಬರೋಣವೆಂದು ಕಚೇರಿಗೆ ಹೋದರೆ ಜವಾನ ಲಾಲ್ ಸಾಬ್ ಇನ್ನೂ ಬಾಗಿಲಲ್ಲೇ ಕೂತಿದ್ದ. "ಸಾಹೇಬ್ರು ನಮಾಜಿಗಿ ಹೋಗ್ಯಾರ. ಬಂದು ಉಳಿದ ಕಾಗದಕ್ಕ ಸಹಿ ಹಾಕಿ ಮನಿಗಿ ಹೋಗ್ತಾರ. ಕುಂದರ್ರಿ," ಎಂದ. ಮಧ್ಯಾಹ್ನ ಒಬ್ಬರ ನಮಾಜನ್ನು ನಿಲ್ಲಿಸಹೋದವನು ಸಂಜೆ ಇನ್ನೊಬ್ಬರ ನಮಾಜಿನ ದೆಸೆಯಿಂದಲೇ ಬಾಗಿಲು ತೆರೆದಿದೆಯೆಂದು ನೆನೆಯುತ್ತ ಕುಳಿತೆ. ಸಾಹೇಬರು ಬಂದು ನನ್ನ ಕಪ್ಪು ಮುಖ ನೋಡಿ, "ನಾಲ್ಕು ಹೊಡೆದು ಎಷ್ಟ್ ಹೊತ್ತಾಯ್ತು ಮಾಸ್ತರ್?" ಎಂದರು. "ಐವತ್ತೆರಡು ನಿಮಿಷ ಸಾಹೇಬ್ರೆ," ಎಂದುಬಿಟ್ಟೆ. ಅವರು ಗಟ್ಟಿಯಾಗಿ ನಕ್ಕು ಸಹಿ ಹಾಕಿದರು.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳಿಷ್ಟು. ಯುದ್ಧ ಮುಗಿದು ಪೆಟ್ರೋಲು ಬಂದರೂ ತಾವು ಕಲ್ಲೂರಿನಾಚೆಯ ಬೇವಿನ ಮರದ ಬಳಿ ನಿಯಮ ತಪ್ಪದೆ ಕೆಟ್ಟು ನಿಲ್ಲಬೇಕು. ವಾರಕ್ಕೊಮ್ಮೆ ದಯಮಾಡಿ ನಮ್ಮ ಹೆಡ್‌ಮಾಸ್ತರರ ಮನೆ ಬಾಗಿಲಿಗೂ ಬಂದು ಹನ್ನೆರಡು ನಿಮಿಷ ಕೆಡಬೇಕು. ಏಕೆಂದರೆ ಈಗ ನನ್ನ ಮನೆಯಲ್ಲಿ ಪೂಜೆ ಮುಗಿದ ಮೇಲಷ್ಟೇ ಕ್ಷೌರ, ಹೊತ್ತು ಸಾಲದ ದಿನ ಗಡ್ಡ ಉಳಿಯುತ್ತದೆ, ಅವರು ಅದನ್ನು ದುರುಗುಟ್ಟಿ ನೋಡುತ್ತಾರೆ. ಶಾಲೆಗೆ ಮಾತ್ರ ನಾನು ಒಂದು ದಿನವೂ ತಡವಾಗಿ ಹೋಗಿಲ್ಲ; ಅದು ಹೇಗೆಂದು ನನಗೂ ಅರ್ಥವಾಗಿಲ್ಲ. ಇನ್ನು, ಮೂರು ಸಲ ಒಗೆದರೂ ಬಿಳಿಯಾಗದ ನನ್ನ ಧೋತರದ ವಿಷಯವನ್ನು ತಿಮ್ಮವ್ವ ತಮ್ಮೊಡನೆ ನೇರವಾಗಿ ಮಾತಾಡುವಳಂತೆ. ಆ ದಿನ ತಾವು ಊರಲ್ಲಿ ಇಲ್ಲದಿರುವುದು ಕ್ಷೇಮ.

ಹೊಗೆ ಕುಡಿದು, ಬೆನ್ನು ದಬ್ಬಿ, ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಅಯ್ಯಣ್ಣ ಮಾಸ್ತರ (ಈಗ ಖಾಯಂ)

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಬೇಕೆಂದಿದ್ದೆ. ಅಂಚೆಯ ಚೀಲವನ್ನು ಹೊತ್ತೊಯ್ಯುವವರು ತಾವೇ ಎಂದು ತಿಳಿದು, ರಾಯಚೂರಿಗೆ ಅಕ್ಕಿ ಹೇರಿಕೊಂಡು ಹೊರಟಿರುವ ಶಾಮೀದಸಾಬರ ಎತ್ತಿನ ಬಂಡಿಯಲ್ಲಿ ಕಳಿಸುತ್ತಿದ್ದೇನೆ. ತಾವು ಬರುವ ಹೊತ್ತಿಗೆ ಅದು ತಮ್ಮ ನಿಲ್ದಾಣದಲ್ಲಿ ಕಾಯುತ್ತಿರುತ್ತದೆ. ಆ ಎತ್ತುಗಳು ಇದುವರೆಗೆ ಯಾರನ್ನೂ ಇಳಿದು ದಬ್ಬಲು ಹೇಳಿಲ್ಲ.