ದೇವೇಂದ್ರನ ಗುಟ್ಟಿನ ಪತ್ರ

ಭಾನುಪ್ರಿಯಾಳ ಫೋನನ್ನು ಅವಳ ಅತ್ತಿಗೆ ದಿನಕ್ಕೆರಡು ಸಲ ಜಾಲಾಡುತ್ತಿದ್ದಳು. ಅದಕ್ಕೇ ಅರಸೀಕೆರೆಯ ಮಿಕ್ಸಿ ರಿಪೇರಿ ದೇವೇಂದ್ರ ತನ್ನ ಮನಸ್ಸನ್ನು ಹ್ಯಾಮ್ ರೇಡಿಯೋ ಮೂಲಕ ಬೇಲೂರಿಗೆ ಕಳಿಸಿದ. ಇಬ್ಬರಿಗೂ ಅದೊಂದೇ ಹುಚ್ಚು: ಕಂಪ್ಯೂಟರಿನಲ್ಲಿ ಬರೆದ ಪತ್ರವನ್ನು ರೇಡಿಯೋ ಸೆಟ್ಟು ಗಾಳಿಯಲ್ಲಿ ಒಯ್ದು ಆಯಾ ಊರಿನ ಕಂಪ್ಯೂಟರಿನೊಳಗಿನ ಟಪಾಲು ಪೆಟ್ಟಿಗೆಗೆ ಹಾಕುತ್ತಿತ್ತು; ಪ್ರತಿ ಪೆಟ್ಟಿಗೆಗೂ ಒಂದೊಂದು ಹೆಸರು. ಸಂಜೆ ಅವಳನ್ನು ನೋಡಲು ಕಣಕಟ್ಟೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಹೇಳದಿದ್ದರೆ ಅವಳು ಕೈತಪ್ಪಿದಂತೆಯೇ.

“ನಿನ್ನನ್ನೇ ಮದುವೆಯಾಗಬೇಕೆಂದಿದ್ದೇನೆ. ಕಣಕಟ್ಟೆಯವರನ್ನು ಒಪ್ಪಬೇಡ” ಎಂದು ಬರೆದು, ಅವಳ ಹೆಸರಿನ ಮುಂದೆ ‘ಬೇಲೂರು’ ಎಂದು ಹಾಕಿದ. ಅರಸೀಕೆರೆಯ ಪೆಟ್ಟಿಗೆಗೆ ಅಷ್ಟು ಸಾಕು. ಬೇಲೂರಿನದರ ಕಾನೂನೇ ಬೇರೆ. ಪೆಟ್ಟಿಗೆಯ ಹೆಸರಿಲ್ಲದೆ ಬರೀ ಊರಿನ ಹೆಸರಿದ್ದರೆ, ಅದು ಊರಿಗೆಲ್ಲ ಸಾರುವ ಪ್ರಕಟಣೆಯೆಂದು ತಿಳಿದು ಸುತ್ತಲ ಪೆಟ್ಟಿಗೆಗಳಿಗೆಲ್ಲ ಹಂಚಿಬಿಡುತ್ತದೆ!

ಹತ್ತು ನಿಮಿಷಕ್ಕೇ ಕೊಬ್ಬರಿ ಮಂಡಿಯ ರೇವಣಸಿದ್ದಪ್ಪನ ಫೋನು. ಅವನದೂ ಅದೇ ಹುಚ್ಚು.

“ಏನ್ಲಾ ದೇವೇಂದ್ರ, ನಮ್ಗೊಂದ್ ಮಾತು ಹೇಳ್ದೆ ಮದುವೆಗೆ ಹೊಂಟ್ಬುಟ್ಯಲ್ಲೋ! ಪೆಟ್ಟಿಗೆ ಹೆಸ್ರು ಹಾಕ್ದೆ ಕಳ್ಸಿದ್ದೀಯ ಕಣ್ಲಾ, ಹಳೇಬೀಡ್ ತಂಕ ಓದವ್ರೆ!”

ಅದರ ಹಿಂದೆಯೇ ಹಗರೆಯ ನಿವೃತ್ತ ಮೇಷ್ಟ್ರು ನಂಜುಂಡಯ್ಯ. “ಪತ್ರ ಚೆನ್ನಾಗಿದೆ ಕಣಪ್ಪಾ. ಎರಡು ಕಡೆ ದೀರ್ಘ ಬಿಟ್ಟಿದ್ದೀಯ, ಅಷ್ಟೆ.”

ದೇವೇಂದ್ರ ಕೈಲಿದ್ದ ಮಿಕ್ಸಿ ಬದಿಗಿಟ್ಟ. ಅಯ್ಯೋ, ಹುಡುಗಿಯ ಮಾನ ಬೀದಿಗೆ ಬಂತಲ್ಲ! ಕೂಡಲೇ ಇನ್ನೊಂದು ಪತ್ರ ಬರೆದ: “ಬೆಳಗಿನದು ನಾನು ಬರೆದಿದ್ದಲ್ಲ. ಯಾರೋ ನನ್ನ ಸೆಟ್ಟಿನಲ್ಲಿ ಕುಚೋದ್ಯ ಮಾಡಿದ್ದಾರೆ.” ಈ ಸಲ ಊರು, ಪೆಟ್ಟಿಗೆ, ಹೆಸರು ಎಲ್ಲವನ್ನೂ ಮೂರು ಸಲ ನೋಡಿ ಹಾಕಿದ. ಆಮೇಲೆ ಅಂಗಡಿಯ ಬಾಗಿಲೆಳೆದು ಒಳಗೇ ಕುಳಿತ.

ಸಂಜೆ ಏಳು ಗಂಟೆಗೆ ರೇವಣಸಿದ್ದಪ್ಪನ ಫೋನು ಮತ್ತೆ ಬಂತು.

“ಬಾಗ್ಲು ತೆಗಿಯೋ ಮದ್ಲಿಂಗ! ನಾನೂ ಮೇಷ್ಟ್ರೂ ಬೇಲೂರಿಗೇ ಹೋಗಿದ್ವಿ. ಅವ್ರಪ್ಪ ಮರಿಯಣ್ಣ ಒಪ್ಕಂಡವ್ರೆ. ಹುಡ್ಗೀನೂ ನಿನ್ ಪತ್ರ ಓದಿ ನಕ್ಕಂಡು ಹೂಂ ಅಂದ್ಲು ಕಣ್ಲಾ!”

ದೇವೇಂದ್ರ ಕುಣಿದೇಬಿಟ್ಟ. ಅರ್ಧ ಕುಣಿತದಲ್ಲಿ, ಅವಳು ಆಗಿನ್ನೂ ಓದಿರಲಾರದ ಎರಡನೆಯ ಪತ್ರ ನೆನಪಾಯಿತು. ಓಡಿಹೋಗಿ ಸೆಟ್ಟು ಹಾಕಿದರೆ, ಭಾನುಪ್ರಿಯಾ ಎಲ್ಲರಿಗೂ ಹೊರಡಿಸಿದ ಪ್ರಕಟಣೆ ಆಗಲೇ ಬಂದು ಕೂತಿತ್ತು:

“ಬೆಳಗಿನ ಪತ್ರ ದೇವೇಂದ್ರ ಅವರದಲ್ಲವಂತೆ, ಅವರೇ ತಿಳಿಸಿದ್ದಾರೆ. ಯಾರೂ ಅವರನ್ನು ರೇಗಿಸಬೇಡಿ. ನಾನು ಕಣಕಟ್ಟೆಯವರಿಗೆ ಹೂಂ ಎಂದಿದ್ದೇನೆ.”

ಫೋನು ಮತ್ತೆ ಬಡಿದುಕೊಂಡಿತು, ರೇವಣಸಿದ್ದಪ್ಪನದೇ.

“ಅದ್ಯಾವ್ದಲಾ ಇನ್ನೊಂದ್ ಪತ್ರ? ನಮಗ್ಯಾರ್ಗೂ ಬರ್ನೇ ಇಲ್ವಲ್ಲೋ!”

“ಹೂಂ ಅಣ್ಣಾ,” ಎಂದ ದೇವೇಂದ್ರ, “ಅದಕ್ಕೆ ವಿಳಾಸ ಸರಿಯಾಗಿ ಹಾಕಿದ್ದೆ.”